ವಲಸಿಗರು ಬೆರೆತಿದ್ದಾರಾ? ಈ ಪ್ರಶ್ನೆ ಕೇಳುವ ಸಂಶೋಧಕರು ಈಗ ತಮ್ಮನ್ನೇ ಕೇಳಿಕೊಳ್ಳುತ್ತಿರುವುದೇನು?

ಒಂದೇ ಥರದ ಅರ್ಜಿ. ಅದೇ ಮಟ್ಟದ ಪದವಿ, ಅದೇ ಮಟ್ಟದ ಅನುಭವ. ಬದಲಾಗಿರುವುದು ಮೇಲಿನ ಹೆಸರು ಮಾತ್ರ.

ಕೆನಡಾದ ಟೊರೊಂಟೊದಲ್ಲಿ ಫಿಲಿಪ್ ಒರಿಯೋಪೌಲೋಸ್ ಎಂಬ ಅರ್ಥಶಾಸ್ತ್ರಜ್ಞರು ಇಂಥ ಸಾವಿರಾರು ಅರ್ಜಿಗಳನ್ನು ತಯಾರಿಸಿ ಉದ್ಯೋಗ ಜಾಹೀರಾತುಗಳಿಗೆ ಕಳಿಸಿದರು. ಅರ್ಜಿದಾರರು ಯಾರೂ ನಿಜವಾಗಿ ಇರಲಿಲ್ಲ. ಕೆಲವು ಅರ್ಜಿಗಳ ಮೇಲೆ ಇಂಗ್ಲಿಷ್ ಹೆಸರು, ಕೆಲವುಗಳ ಮೇಲೆ ಚೀನಾ, ಭಾರತ, ಪಾಕಿಸ್ತಾನದ ಕಡೆಯ ಹೆಸರು. 2009ರಲ್ಲಿ ಮೊದಲ ಫಲಿತಾಂಶ ಬಂತು. ಇಂಗ್ಲಿಷ್ ಹೆಸರಿನ 100 ಅರ್ಜಿಗಳಲ್ಲಿ ಸುಮಾರು 16ಕ್ಕೆ ಸಂದರ್ಶನದ ಕರೆ ಬಂದಿತ್ತು. ಉಳಿದ ಹೆಸರುಗಳಿಗೆ ಬಂದದ್ದು ಸುಮಾರು 11. ಓದಿದ್ದು ಕೆನಡಾದಲ್ಲೇ, ಕೆಲಸ ಮಾಡಿದ್ದೂ ಕೆನಡಾದಲ್ಲೇ ಎಂದು ತೋರಿಸಿದ ಅರ್ಜಿಗಳಲ್ಲೇ ಈ ಅಂತರ ಇತ್ತು. ಯಾಕೆ ಹೀಗೆ ಎಂದು ನೇಮಕ ಮಾಡುವವರನ್ನು ಕೇಳಿದರೆ ಅವರು ಹೇಳಿದ ಕಾರಣ ಭಾಷೆ. ಇಂಗ್ಲಿಷ್ ಸರಿಯಾಗಿ ಬರುತ್ತದೋ ಇಲ್ಲವೋ ಎಂಬ ಅನುಮಾನ. ಆದರೆ ಭಾಷೆ ಚೆನ್ನಾಗಿ ಬರುತ್ತದೆ ಎಂದು ಅರ್ಜಿಯಲ್ಲೇ ಬರೆದಿದ್ದರೂ ಅದರಿಂದ ಪ್ರಯೋಜನವಾಗಿರಲಿಲ್ಲ.

ಈಗ ಆ ಕಾಗದದ ಮೇಲಿನ ಅಭ್ಯರ್ಥಿ ನಿಜವಾದ ಮನುಷ್ಯ ಅಂದುಕೊಳ್ಳಿ. ಆರು ತಿಂಗಳಾದರೂ ಕೆಲಸ ಸಿಕ್ಕಿಲ್ಲ. ಸರ್ಕಾರ ವಲಸಿಗರ ಬಗ್ಗೆ ಸಮೀಕ್ಷೆ ನಡೆಸುತ್ತದೆ. ಅವರ ಸಾಲಿನಲ್ಲಿ 'ಉದ್ಯೋಗ ಇಲ್ಲ' ಎಂದು ಬರುತ್ತದೆ. ಸಾವಿರಾರು ಸಾಲು ಸೇರಿ ಒಂದು ಶೇಕಡಾವಾರು ಆಗುತ್ತದೆ. ಇಂಥ ದೇಶದಿಂದ ಬಂದವರು ಇಲ್ಲಿ ಸರಿಯಾಗಿ ಬೆರೆತಿಲ್ಲ ಎಂಬ ಮಾತು ಹುಟ್ಟುತ್ತದೆ. ಕರೆ ಮಾಡದೆ ಸುಮ್ನೆ ಕುಳಿತವರ ಬಗ್ಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇರುವುದಿಲ್ಲ.

ವಲಸೆ ಮತ್ತು ಇಂಟಿಗ್ರೇಷನ್ ಅಧ್ಯಯನ ಮಾಡುವವರ ನಡುವೆ ಈಗ ನಡೆಯುತ್ತಿರುವ ದೊಡ್ಡ ಜಗಳ ಇದರ ಬಗ್ಗೆಯೇ. ಇಂಟಿಗ್ರೇಷನ್ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಮಾತು ಹೊಳೆಯುತ್ತವೆ. ಒಂದು ಹೊಂದಿಕೊಳ್ಳುವುದು, ಇನ್ನೊಂದು ಬೆರೆಯುವುದು. ಎರಡೂ ಒಂದೇ ಅಲ್ಲ. ಹೊಂದಿಕೊಳ್ಳುವ ಕೆಲಸವನ್ನು ಒಬ್ಬರೇ ಮಾಡಬಹುದು. ಬೆರೆಯಬೇಕಾದರೆ ಎರಡು ಕಡೆಯವರೂ ಬೇಕು. ಈ ಕ್ಷೇತ್ರ ಬಹಳ ಕಾಲ ಹೊಂದಿಕೊಳ್ಳುವುದನ್ನು ಅಳೆದು, ಅದನ್ನೇ ಬೆರೆಯುವುದು ಎಂದು ಕರೆಯಿತು ಎಂಬುದು ನನ್ನ ಅಭಿಪ್ರಾಯ. ಇದು ಹೇಗಾಯಿತು ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ವಲಸೆಯ ಬಗ್ಗೆ ಮೊದಲು ಕ್ರಮವಾಗಿ ಬರೆದವರಲ್ಲಿ ಅರ್ನ್ಸ್ಟ್ ಜಾರ್ಜ್ ರಾವೆನ್‌ಸ್ಟೈನ್ ಒಬ್ಬರು. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲೆಸಿದವರು, ಅಂದರೆ ಸ್ವತಃ ವಲಸಿಗರು. 1885ರಲ್ಲಿ ಅವರು ಬ್ರಿಟನ್ನಿನ ಜನಗಣತಿ ಹಿಡಿದು ಕೆಲವು ನಿಯಮಗಳನ್ನು ಹೇಳಿದರು. ಹೆಚ್ಚಿನವರು ದೂರ ಹೋಗುವುದಿಲ್ಲ, ಹತ್ತಿರಕ್ಕೇ ಹೋಗುತ್ತಾರೆ. ಒಂದು ಕಡೆಗೆ ಜನ ಹರಿದರೆ ಅದಕ್ಕೆ ಎದುರಾಗಿ ಇನ್ನೊಂದು ಸಣ್ಣ ಹರಿವು ಇದ್ದೇ ಇರುತ್ತದೆ. ಹತ್ತಿರದ ಊರುಗಳ ನಡುವೆ ಗಂಡಸರಿಗಿಂತ ಹೆಂಗಸರೇ ಜಾಸ್ತಿ ಓಡಾಡುತ್ತಾರೆ. ಈ ಕೊನೆಯ ಮಾತನ್ನು ಸಂಶೋಧಕರು ಎಷ್ಟು ಚೆನ್ನಾಗಿ ಮರೆತರೆಂದರೆ, ವಲಸೆ ಹೋಗುವವನು ಗಂಡಸು, ಹೆಂಡತಿ ಹಿಂದೆ ಬರುವವಳು ಎಂಬ ಚಿತ್ರವೇ ನೂರು ವರ್ಷ ಉಳಿಯಿತು. 1980ರ ದಶಕದಲ್ಲಿ ಮಿರ್ಯಾನಾ ಮೊರೊಕ್ವಾಸಿಚ್‌ರಂಥವರು ಇದನ್ನು ಮತ್ತೆ ನೆನಪಿಸಬೇಕಾಯಿತು.

ಆಮೇಲೆ ಬಂದದ್ದು ಶಿಕಾಗೋ ವಿಶ್ವವಿದ್ಯಾಲಯದ ಕಾಲ. ವಿಲಿಯಂ ಥಾಮಸ್ ಮತ್ತು ಪೋಲೆಂಡಿನ ಫ್ಲೋರಿಯನ್ ಜ್ನಾನಿಯೆಟ್ಸ್ಕಿ ಸೇರಿ 1918ರಿಂದ 1920ರೊಳಗೆ ಅಮೆರಿಕಕ್ಕೆ ಬಂದ ಪೋಲಿಷ್ ರೈತರ ಬಗ್ಗೆ ಐದು ಸಂಪುಟ ತಂದರು. ಅವರ ಮುಖ್ಯ ಸಾಮಗ್ರಿ ಏನು ಗೊತ್ತಾ? ಮನೆಮಂದಿಯ ಪತ್ರಗಳು. ಪೋಲಿಷ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ದುಡ್ಡು ಕೊಟ್ಟು ಕೊಂಡ ಪತ್ರಗಳು. ಅವುಗಳಲ್ಲಿ ಎಷ್ಟೋ ಒಂದೇ ಥರ ಶುರುವಾಗುತ್ತವೆ. ಮೊದಲು ದೇವರ ಸ್ತುತಿ, ಆಮೇಲೆ ನಾವು ಆರೋಗ್ಯವಾಗಿದ್ದೇವೆ, ನೀವೂ ಹಾಗೇ ಇದ್ದೀರಿ ಎಂದು ನಂಬಿದ್ದೇವೆ ಎಂಬ ಸಾಲು, ಆಮೇಲೆ ಮನೆಯವರೆಲ್ಲರಿಗೂ ಹೆಸರು ಹಿಡಿದು ನಮಸ್ಕಾರ. ಮಗ ಸಾಗರದಾಚೆ ಇದ್ದಾನೆ, ಆದರೂ ಮನೆಯ ಲೆಕ್ಕದಿಂದ ಹೊರಗಿಲ್ಲ. ಈ ಸಂಪುಟಗಳಲ್ಲಿ ನನಗೆ ತುಂಬಾ ಬೆಲೆಯುಳ್ಳದ್ದು ಅನಿಸುವುದು ಇದೇ. ಹೋದವನು ಇಲ್ಲಿಯವನೂ ಹೌದು, ಅಲ್ಲಿಯವನೂ ಹೌದು ಎಂಬುದು ಆ ಪತ್ರಗಳ ನಮಸ್ಕಾರದಲ್ಲೇ ಇತ್ತು. ಆದರೆ ಮುಂದಿನ ದಶಕಗಳಲ್ಲಿ ಸಂಶೋಧನೆಯ ಕಣ್ಣು ಒಂದೇ ಕಡೆಗೆ ತಿರುಗಿತು. ಬಂದವನು ಎಷ್ಟು ಬೇಗ ಇಲ್ಲಿಯವನಾಗುತ್ತಾನೆ ಎಂಬುದಷ್ಟೇ ಪ್ರಶ್ನೆಯಾಯಿತು. 1990ರ ದಶಕದಲ್ಲಿ ನೀನಾ ಗ್ಲಿಕ್ ಶಿಲ್ಲರ್ ಮತ್ತು ಅವರ ಜೊತೆಗಾರರು ಎರಡೂ ದೇಶಗಳಲ್ಲಿ ಒಟ್ಟಿಗೇ ಬದುಕುವವರ ಬಗ್ಗೆ ಬರೆಯುವವರೆಗೆ ಆ ಪತ್ರಗಳ ಪಾಠ ಬಹುಪಾಲು ಮೂಲೆಯಲ್ಲೇ ಇತ್ತು.

1964ರಲ್ಲಿ ಅಮೆರಿಕದ ಮಿಲ್ಟನ್ ಗಾರ್ಡನ್ ಬೆರೆಯುವುದಕ್ಕೆ ಏಳು ಬಗೆ ಗುರುತಿಸಿದರು. ಭಾಷೆ, ಉಡುಗೆ ಬದಲಾಯಿಸುವುದು ಒಂದು. ಅಲ್ಲಿಯವರ ಕೂಟ, ಸಂಘ, ಗೆಳೆತನದೊಳಗೆ ಜಾಗ ಸಿಗುವುದು ಇನ್ನೊಂದು. ಮೊದಲನೆಯದು ಆದ ಮಾತ್ರಕ್ಕೆ ಎರಡನೆಯದು ಆಗುವುದಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದ್ದರು. ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರ್ರಿ ಇನ್ನೂ ಸರಳ ಮಾಡಿದರು. ಎರಡು ಪ್ರಶ್ನೆ: ನಿಮ್ಮ ಸಂಸ್ಕೃತಿಯನ್ನು ಉಳಿಸಿಕೊಳ್ಳುತ್ತೀರಾ? ಬೇರೆಯವರ ಜೊತೆ ಒಡನಾಡುತ್ತೀರಾ? ಎರಡಕ್ಕೂ ಹೌದು ಅಂದರೆ ಇಂಟಿಗ್ರೇಷನ್. ಬಿಟ್ಟು ಬೆರೆತರೆ ಕರಗಿಹೋಗುವುದು. ಉಳಿಸಿಕೊಂಡು ದೂರವಿದ್ದರೆ ಪ್ರತ್ಯೇಕ ಇರುವುದು. ಎರಡೂ ಇಲ್ಲದಿದ್ದರೆ ಅಂಚಿಗೆ ಬೀಳುವುದು.

ಈ ನಾಲ್ಕು ಮನೆಗಳ ಚಿತ್ರ ಜಗತ್ತಿನ ಪಠ್ಯಪುಸ್ತಕಗಳಿಗೆಲ್ಲ ಹೋಯಿತು. ಆದರೆ ಬೆರ್ರಿ ಅದರ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನೂ ಬರೆದಿದ್ದರು. ಅದು ವಲಸಿಗರದ್ದಲ್ಲ, ಅವರು ಬಂದು ಸೇರಿದ ಸಮಾಜದ್ದು. ಆ ಸಮಾಜ ಬಾಗಿಲು ತೆರೆದಿದೆಯಾ, ಕರಗಿಹೋಗು ಅನ್ನುತ್ತಿದೆಯಾ, ದೂರ ನಿಲ್ಲಿಸುತ್ತಿದೆಯಾ, ಹೊರಗೆ ಹಾಕುತ್ತಿದೆಯಾ? ಒಂದು ಚಿತ್ರ ಇಲ್ಲದೆ ಇನ್ನೊಂದು ಅರ್ಥವಾಗುವುದಿಲ್ಲ. ಆದರೂ ಮೊದಲನೆಯದು ಓಡಾಡಿದಷ್ಟು ಎರಡನೆಯದು ಓಡಾಡಲಿಲ್ಲ.

ಇದಕ್ಕೆ ಒಂದು ಕಾರಣ, ಸಂಶೋಧನೆಗೆ ಬೇಕಾದ ಲೆಕ್ಕವನ್ನು ಇಟ್ಟುಕೊಳ್ಳುವುದು ಸರ್ಕಾರ. ಸರ್ಕಾರ ಯಾವ ಹೆಸರಿನಲ್ಲಿ ಎಣಿಸುತ್ತದೋ ಸಂಶೋಧಕರು ಅದೇ ಹೆಸರಿನಲ್ಲಿ ಬರೆಯುತ್ತಾರೆ. ಜರ್ಮನಿ 2005ರಿಂದ ತನ್ನ ವಾರ್ಷಿಕ ಸಮೀಕ್ಷೆಯಲ್ಲಿ 'ವಲಸೆ ಹಿನ್ನೆಲೆಯವರು' ಎಂಬ ವರ್ಗ ಇಟ್ಟುಕೊಂಡಿದೆ. ನೀವು ಅಥವಾ ನಿಮ್ಮ ತಂದೆತಾಯಿಯಲ್ಲಿ ಒಬ್ಬರು ಹುಟ್ಟುವಾಗಲೇ ಜರ್ಮನ್ ಪೌರರಾಗಿರದಿದ್ದರೆ ಸಾಕು, ನೀವು ಆ ವರ್ಗಕ್ಕೆ ಸೇರುತ್ತೀರಿ. ಬರ್ಲಿನ್ನಿನಲ್ಲಿ ಹುಟ್ಟಿ, ಅಲ್ಲೇ ಓದಿ, ಬೇರೆ ದೇಶ ನೋಡದ ಹುಡುಗಿಯೂ ವಲಸೆಯ ಲೆಕ್ಕದಲ್ಲೇ ಬರಬಹುದು.

ನೆದರ್ಲೆಂಡ್ಸ್ ಇನ್ನೂ ವಿಚಿತ್ರ. ಅಲ್ಲಿನ ಅಂಕಿಅಂಶ ಇಲಾಖೆ ತಂದೆತಾಯಿಯಲ್ಲಿ ಒಬ್ಬರಾದರೂ ಹೊರದೇಶದಲ್ಲಿ ಹುಟ್ಟಿದವರನ್ನು 'ಅಲೋಖ್ತೋನ್' ಎನ್ನುತ್ತಿತ್ತು. ಅದರಲ್ಲಿ ಪಾಶ್ಚಾತ್ಯ, ಪಾಶ್ಚಾತ್ಯವಲ್ಲದ ಎಂದು ಎರಡು ಭಾಗ. ಇಂಡೊನೇಷ್ಯಾ ಮತ್ತು ಜಪಾನ್ ಪಾಶ್ಚಾತ್ಯದ ಪಟ್ಟಿಯಲ್ಲಿದ್ದವು. ಟರ್ಕಿ ಇನ್ನೊಂದು ಪಟ್ಟಿಯಲ್ಲಿತ್ತು. ಭೂಪಟ ತೆಗೆದು ನೋಡಿ, ಇದು ದಿಕ್ಕಿನ ಲೆಕ್ಕವಲ್ಲ ಎಂದು ತಕ್ಷಣ ತಿಳಿಯುತ್ತದೆ. ಯಾರು ನಮ್ಮ ಹಾಗೆ, ಯಾರು ಅಲ್ಲ ಎಂಬ ತೀರ್ಮಾನ ಮೊದಲೇ ಆಗಿತ್ತು, ಕೋಷ್ಟಕ ಆಮೇಲೆ ಬಂತು. 2016ರಲ್ಲಿ ಆ ಪದ ಬಿಟ್ಟರು, 2022ರಲ್ಲಿ ಆ ವಿಂಗಡಣೆಯನ್ನೂ ಬಿಟ್ಟರು. ಅಷ್ಟರಲ್ಲಿ ಆ ಎರಡು ಭಾಗಗಳನ್ನೇ ಆಧರಿಸಿದ ಅಧ್ಯಯನಗಳು ರಾಶಿ ಬಿದ್ದಿದ್ದವು.

ಹಾಗಾದರೆ ಎಣಿಸುವುದನ್ನೇ ನಿಲ್ಲಿಸಿದರೆ ಆಯಿತಲ್ವಾ? ಆ ದಾರಿ ಹಿಡಿದ ದೇಶ ಫ್ರಾನ್ಸ್. ಎಲ್ಲ ಪೌರರೂ ಒಂದೇ ಎಂಬ ತತ್ವದಿಂದ ಅಲ್ಲಿ ಜನಾಂಗದ ಹೆಸರಿನಲ್ಲಿ ಲೆಕ್ಕ ಇಡುವುದಿಲ್ಲ. ಕೇಳಲು ಚೆನ್ನಾಗಿದೆ. ಆದರೆ ವಲಸಿಗರ ಮಕ್ಕಳಿಗೆ ಬಾಡಿಗೆ ಮನೆ ಸಿಗುತ್ತಿಲ್ಲ, ಕೆಲಸ ಸಿಗುತ್ತಿಲ್ಲ ಎಂದು ತೋರಿಸಬೇಕಾದರೆ ಲೆಕ್ಕ ಬೇಕು. ಕೊನೆಗೆ ಅಲ್ಲಿನ ಜನಸಂಖ್ಯಾ ಅಧ್ಯಯನ ಸಂಸ್ಥೆ ಮತ್ತು ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ಸೇರಿ 2008–09ರಲ್ಲಿ ಒಂದು ದೊಡ್ಡ ವಿಶೇಷ ಸಮೀಕ್ಷೆ ಮಾಡಿದವು. ತಂದೆತಾಯಿ ಹುಟ್ಟಿದ ದೇಶ, ಹುಟ್ಟಿನಿಂದ ಇದ್ದ ಪೌರತ್ವ ಕೇಳಿ, ಅದರ ಮೂಲಕ ತಾರತಮ್ಯ ಎಲ್ಲೆಲ್ಲಿದೆ ಎಂದು ನೋಡಿದರು. 2019–20ರಲ್ಲಿ ಮತ್ತೆ ಮಾಡಿದರು. ಎಣಿಸಿದರೆ ಹಣೆಪಟ್ಟಿ ಅಂಟುತ್ತದೆ, ಎಣಿಸದಿದ್ದರೆ ಅನ್ಯಾಯ ಕಾಣುವುದೇ ಇಲ್ಲ. ಎರಡೂ ನಿಜವಾದ ತೊಂದರೆಗಳು. ಒಂದನ್ನು ಹಗುರ ಮಾಡಿ ಮಾತಾಡುವವರನ್ನು ನಾನು ನಂಬುವುದಿಲ್ಲ.

ಎಣಿಕೆಯ ಮಾತು ಬಂದಾಗ ಒಟ್ಟು ಲೆಕ್ಕವನ್ನೂ ಹೇಳಿಬಿಡುತ್ತೇನೆ. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿದ್ದವರು 30.4 ಕೋಟಿ. ದೊಡ್ಡ ಸಂಖ್ಯೆಯೇ, ಆದರೆ ಜಗತ್ತಿನ ಜನರಲ್ಲಿ ಶೇ. 3.7 ಮಾತ್ರ. ನೂರರಲ್ಲಿ 96 ಜನ ತಮ್ಮ ದೇಶದಲ್ಲೇ ಇದ್ದಾರೆ. ಯುದ್ಧ, ಹಿಂಸೆಗೆ ಸಿಕ್ಕಿ ಮನೆ ಬಿಟ್ಟವರು 2024ರ ಕೊನೆಗೆ ಸುಮಾರು 12.3 ಕೋಟಿ. ಅವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಗಡಿ ದಾಟಿಲ್ಲ, ತಮ್ಮ ದೇಶದೊಳಗೇ ದಿಕ್ಕುತಪ್ಪಿದ್ದಾರೆ. ಗಡಿ ದಾಟಿದ ನಿರಾಶ್ರಿತರಲ್ಲೂ ಹೆಚ್ಚಿನವರು ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಸಂಶೋಧನೆಯ ಹಣ, ವಿಶ್ವವಿದ್ಯಾಲಯ, ನಿಯತಕಾಲಿಕೆ ಇರುವುದು ಶ್ರೀಮಂತ ದೇಶಗಳಲ್ಲಿ. ಹಾಗಾಗಿ ಬಂದವರ ಬಗ್ಗೆ ಬರೆದದ್ದು ಬೆಟ್ಟದಷ್ಟಿದೆ, ಅವರು ಬಿಟ್ಟುಬಂದ ಮನೆಗಳ ಬಗ್ಗೆ ಬರೆದದ್ದು ಕಡಿಮೆ. ಕೇರಳದಲ್ಲಿ 1998ರಿಂದ ಕೆಲವು ವರ್ಷಕ್ಕೊಮ್ಮೆ ನಡೆಯುವ ವಲಸೆ ಸಮೀಕ್ಷೆ ಈ ಮಾತಿಗೆ ಒಳ್ಳೆಯ ಅಪವಾದ. ಅದು ಬಾಗಿಲು ತಟ್ಟುವುದು ಜನ ಹೊರಟ ಮನೆಗಳದ್ದು. ಯಾರು ಹೋದರು, ಎಷ್ಟು ಕಳಿಸುತ್ತಾರೆ, ಯಾರು ವಾಪಸ್ ಬಂದರು ಎಂದು ಕೇಳುತ್ತದೆ.

ಇನ್ನು ಸಂಶೋಧಕರ ಮಾತು ಹೊರಗೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಒಂದು ಕತೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

2004ರ ಮೇ 1ರಂದು ಯುರೋಪಿಯನ್ ಒಕ್ಕೂಟಕ್ಕೆ ಹತ್ತು ಹೊಸ ದೇಶಗಳು ಸೇರಬೇಕಿತ್ತು. ಪೋಲೆಂಡ್ ಸೇರಿ ಎಂಟು ದೇಶಗಳು ಮಧ್ಯ ಮತ್ತು ಪೂರ್ವ ಯುರೋಪಿನವು. ಅಲ್ಲಿಂದ ಎಷ್ಟು ಜನ ಬರಬಹುದು ಎಂದು ಬ್ರಿಟನ್ನಿನ ಗೃಹ ಇಲಾಖೆ ಕೇಳಿತು. ಕ್ರಿಶ್ಚಿಯನ್ ಡುಸ್ಟ್‌ಮನ್ ಮತ್ತು ಅವರ ತಂಡ 2003ರಲ್ಲಿ ಉತ್ತರ ಕೊಟ್ಟಿತು. ವರ್ಷಕ್ಕೆ ನಿವ್ವಳ, ಅಂದರೆ ಬಂದವರಲ್ಲಿ ಹೋದವರನ್ನು ಕಳೆದು, 5,000ದಿಂದ 13,000 ಜನ. ಈ ಲೆಕ್ಕಕ್ಕೆ ಒಂದು ಷರತ್ತು ಇತ್ತು. ಜರ್ಮನಿಯಂಥ ದೊಡ್ಡ ದೇಶಗಳೂ ಅದೇ ಹೊತ್ತಿಗೆ ತಮ್ಮ ಉದ್ಯೋಗದ ಬಾಗಿಲು ತೆರೆಯುತ್ತವೆ ಎಂದು ಅಂದುಕೊಂಡು ಮಾಡಿದ ಲೆಕ್ಕ ಅದು. ಆ ದಿನ ಬಂದಾಗ ಪೂರ್ತಿ ಬಾಗಿಲು ತೆರೆದದ್ದು ಮೂರೇ ದೇಶ: ಬ್ರಿಟನ್, ಐರ್ಲೆಂಡ್, ಸ್ವೀಡನ್. ಜರ್ಮನಿ 2011ರವರೆಗೆ ಮುಚ್ಚಿಕೊಂಡೇ ಇತ್ತು. ಜನ ತೆರೆದ ಬಾಗಿಲಿನ ಕಡೆಗೇ ಬಂದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೋಲೆಂಡಿನಲ್ಲಿ ಹುಟ್ಟಿದವರು 2001ರ ಗಣತಿಯಲ್ಲಿ ಸುಮಾರು 58,000 ಇದ್ದರು. 2011ರ ಗಣತಿಯಲ್ಲಿ ಸುಮಾರು 5,79,000.

ವರದಿಯಲ್ಲಿದ್ದ ಷರತ್ತು ಯಾರಿಗೂ ನೆನಪಿಲ್ಲ. 13,000 ಎಂಬ ಅಂಕಿ ಮಾತ್ರ ಉಳಿಯಿತು. ತಜ್ಞರಿಗೆ ಏನೂ ಗೊತ್ತಾಗುವುದಿಲ್ಲ, ಇಲ್ಲವೇ ಸುಳ್ಳು ಹೇಳುತ್ತಾರೆ ಎನ್ನುವುದಕ್ಕೆ ಅದು ವರ್ಷಗಟ್ಟಲೆ ಸಾಕ್ಷಿಯಾಯಿತು. ನನಗೆ ಇಲ್ಲಿ ಬೇಸರವಾಗುವುದು ಒಂದು ತಪ್ಪು ಅಂದಾಜಿಗಲ್ಲ. ಅಂದಾಜು ತಪ್ಪುತ್ತದೆ, ಅದರ ಸ್ವಭಾವವೇ ಅದು. 'ಹೀಗಾದರೆ ಇಷ್ಟು' ಎಂದು ಬರೆದದ್ದು 'ಇಷ್ಟು' ಎಂದು ಮಾತ್ರ ಹೊರಗೆ ಬಂತಲ್ಲ, ಅದಕ್ಕೆ.

ಅದೇ ಬ್ರಿಟನ್ನಿನಲ್ಲಿ ಬಂದವರನ್ನು ಎಣಿಸುವುದೂ ಸುಲಭವಾಗಿರಲಿಲ್ಲ. ದಶಕಗಳ ಕಾಲ ಅದು ವಿಮಾನ ನಿಲ್ದಾಣ, ಬಂದರುಗಳಲ್ಲಿ ಒಂದಷ್ಟು ಪ್ರಯಾಣಿಕರನ್ನು ನಿಲ್ಲಿಸಿ ಕೇಳುವ ಸಮೀಕ್ಷೆಯ ಮೇಲೆ ನಿಂತಿತ್ತು. ಎಷ್ಟು ದಿನ ಇರುತ್ತೀರಿ ಎಂದು ಕೇಳುತ್ತಿದ್ದರು. ವಿಶ್ವಸಂಸ್ಥೆಯ ವ್ಯಾಖ್ಯೆಯಲ್ಲಿ 12 ತಿಂಗಳು ಇದ್ದರೆ ದೀರ್ಘಕಾಲದ ವಲಸಿಗ. ಆದರೆ ಪೆಟ್ಟಿಗೆ ಹಿಡಿದು ಆಗಷ್ಟೇ ಇಳಿದವರಿಗೆ ಮುಂದಿನ ವರ್ಷ ಎಲ್ಲಿರುತ್ತೇವೆ ಎಂದು ಹೇಗೆ ಗೊತ್ತಿರುತ್ತದೆ? ಈಗ ಆಡಳಿತದ ದಾಖಲೆಗಳಿಂದ ಲೆಕ್ಕ ಹಾಕುತ್ತಾರೆ. ಆದರೂ 2023ರ ಜೂನ್‌ಗೆ ಮುಗಿದ ವರ್ಷದ ನಿವ್ವಳ ವಲಸೆ ಮೊದಲು 6,72,000 ಎಂದು ಬಂತು, 2024ರ ನವೆಂಬರ್ ಹೊತ್ತಿಗೆ 9,06,000 ಆಯಿತು. ಯಾರೂ ವಂಚನೆ ಮಾಡಲಿಲ್ಲ. ದಾಖಲೆ ತಡವಾಗಿ ತುಂಬಿತು, ಲೆಕ್ಕದ ಕ್ರಮ ಸುಧಾರಿಸಿತು. ಆದರೆ ಈ ಎರಡು ಅಂಕಿಗಳ ನಡುವೆ ಎಷ್ಟು ಭಾಷಣ ಆಗಿಹೋಗಿರಬಹುದು ಎಂದು ಯೋಚಿಸಿ.

ವಲಸಿಗರು ಬಂದರೆ ಅಲ್ಲಿಯವರ ಸಂಬಳ ಇಳಿಯುತ್ತದಾ ಎಂಬ ಪ್ರಶ್ನೆಗೂ ಇದೇ ಗತಿ. 1980ರಲ್ಲಿ ಕ್ಯೂಬಾದಿಂದ ಕೆಲವೇ ತಿಂಗಳಲ್ಲಿ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು. ಅವರಲ್ಲಿ ಅನೇಕರು ನೆಲೆಸಿದ ಮಯಾಮಿ ನಗರದಲ್ಲಿ ದುಡಿಯುವವರ ಸಂಖ್ಯೆ ಶೇ. 7ರಷ್ಟು ಏರಿತು. ಅಲ್ಲಿಯವರ ಸಂಬಳಕ್ಕೆ ಪೆಟ್ಟು ಬೀಳಲಿಲ್ಲ ಎಂದು 1990ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಹೇಳಿದರು. ಕಡಿಮೆ ಓದಿದವರಿಗೆ ದೊಡ್ಡ ಪೆಟ್ಟು ಬಿತ್ತು ಎಂದು ಇಪ್ಪತ್ತೈದು ವರ್ಷದ ಮೇಲೆ ಜಾರ್ಜ್ ಬೋರ್ಹಾಸ್ ಹೇಳಿದರು. ಬೋರ್ಹಾಸ್ ಆರಿಸಿಕೊಂಡ ಗುಂಪು ತುಂಬಾ ಸಣ್ಣದು, ಅದರಲ್ಲಿ ಯಾರು ಯಾರಿದ್ದರು ಎಂಬುದೂ ನಡುವೆ ಬದಲಾಗಿತ್ತು ಎಂದು ಇನ್ನು ಕೆಲವರು ತೋರಿಸಿದರು. ಒಂದೇ ಊರು, ಒಂದೇ ವರ್ಷ, ಬೇರೆ ಬೇರೆ ಉತ್ತರ. ಯಾರನ್ನು ಯಾರ ಜೊತೆ ಹೋಲಿಸಿದಿರಿ ಎಂಬುದರ ಮೇಲೆ ಎಲ್ಲ ನಿಂತಿದೆ.

ಕೋಷ್ಟಕ ಬಿಟ್ಟು ಒಂದು ಕೋಣೆಗೆ ಬನ್ನಿ. ಆಶ್ರಯ ಕೇಳಿ ಬಂದ ಒಬ್ಬರು ಕುರ್ಚಿಯಲ್ಲಿ ಕೂತಿದ್ದಾರೆ. ಅವರು ತಮ್ಮ ಕತೆಯನ್ನು ಈಗಾಗಲೇ ಗಡಿಯ ಅಧಿಕಾರಿಗೆ ಹೇಳಿದ್ದಾರೆ, ವಕೀಲರಿಗೆ ಹೇಳಿದ್ದಾರೆ. ಒಂದು ಸಲ ಹೇಳಿದ ದಿನಾಂಕ ಇನ್ನೊಂದು ಸಲ ತಪ್ಪಿದರೆ ಅರ್ಜಿಯೇ ಬಿದ್ದುಹೋಗಬಹುದು ಎಂದು ಅವರಿಗೆ ಗೊತ್ತು. ಈಗ ಎದುರಿಗೆ ಸಂಶೋಧಕಿ ಬಂದು ರೆಕಾರ್ಡರ್ ಇಟ್ಟು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಅನ್ನುತ್ತಾರೆ. ಸಂಶೋಧಕಿಯ ಮಟ್ಟಿಗೆ ಆ ಸಹಿ ಒಂದು ರಕ್ಷಣೆ. ಇವರಿಗೆ ಅದು ತಮ್ಮ ಹೆಸರಿರುವ ಇನ್ನೊಂದು ಕಾಗದ. ಬೇಡ ಅಂದರೆ ಏನಾದರೂ ತೊಂದರೆಯಾಗುತ್ತದಾ ಎಂಬ ಹೆದರಿಕೆಯೂ ಇರುತ್ತದೆ. ಇದಕ್ಕೇ ಎಷ್ಟೋ ಸಂಶೋಧಕರು ಈಗ ಸಹಿ ಬಿಟ್ಟು ಬಾಯಿಮಾತಿನ ಒಪ್ಪಿಗೆ ಪಡೆಯುತ್ತಾರೆ, ಹೆಸರನ್ನು ಬರೆದಿಟ್ಟುಕೊಳ್ಳುವುದೇ ಇಲ್ಲ.

ಕ್ಯಾರೆನ್ ಜೇಕಬ್ಸನ್ ಮತ್ತು ಲೊರೆನ್ ಲ್ಯಾಂಡೌ 2003ರಲ್ಲೇ ಈ ಕೆಲಸದ ಎರಡು ಹೊಣೆಗಳ ಬಗ್ಗೆ ಬರೆದಿದ್ದರು. ಅಧ್ಯಯನ ಗಟ್ಟಿಯಾಗಿರಬೇಕು, ಅದರಿಂದ ಆ ಜನರಿಗೆ ಉಪಯೋಗವೂ ಆಗಬೇಕು. ಹೇಳುವುದು ಸುಲಭ. ಬೈರೂತಿನ ಶತೀಲಾ ಶಿಬಿರವನ್ನೇ ನೋಡಿ. 1949ರಿಂದ ಪ್ಯಾಲೆಸ್ತೀನಿಯರು ಇರುವ ಜಾಗ. ಅಲ್ಲಿಗೆ ಎಷ್ಟು ಸಂಶೋಧಕರು ಹೋಗಿದ್ದಾರೆಂದರೆ, ಅತಿಯಾಗಿ ಅಧ್ಯಯನಕ್ಕೊಳಗಾದ ಜನ ಏನು ಹೇಳುತ್ತಾರೆ ಎಂದು ಕೇಳಲು 2013ರಲ್ಲಿ ಇನ್ನೊಂದು ಅಧ್ಯಯನ ಬರಬೇಕಾಯಿತು. ಜನ ಹೇಳಿದ್ದು ಸೀದಾ ಮಾತು: ಬರುತ್ತಾರೆ, ಕೇಳುತ್ತಾರೆ, ಹೋಗುತ್ತಾರೆ, ನಮಗೇನೂ ಬದಲಾಗುವುದಿಲ್ಲ.

ಇವೆಲ್ಲ ಸೇರಿಯೇ ಒಳಗಿನ ಜಗಳ ಜೋರಾದದ್ದು. ದೇಶವೆಂಬುದು ಸಹಜವಾದ ಡಬ್ಬಿ, ಅದರೊಳಗೆ ಬಂದವರು ಮಾತ್ರ ಸಮಸ್ಯೆ ಎಂದು ಮೊದಲೇ ಒಪ್ಪಿಕೊಂಡು ಅಧ್ಯಯನ ಮಾಡುವುದು ತಪ್ಪು ಎಂದು ಆಂಡ್ರಿಯಾಸ್ ವಿಮ್ಮರ್ ಮತ್ತು ಗ್ಲಿಕ್ ಶಿಲ್ಲರ್ 2002ರಲ್ಲಿ ವಾದಿಸಿದರು. ಸ್ವಿಟ್ಜರ್ಲೆಂಡಿನ ಜನೀನ್ ದಾಹಿಂಡೆನ್ 2016ರಲ್ಲಿ, ಎಲ್ಲವನ್ನೂ 'ವಲಸಿಗ' ಎಂಬ ಕನ್ನಡಕದಿಂದ ನೋಡುವುದನ್ನು ಬಿಡೋಣ ಎಂದರು. ಕೆಲಸ ಸಿಗದಿರುವುದಕ್ಕೆ ವರ್ಗ, ಲಿಂಗ, ಬೀದಿ, ಶಾಲೆ ಕಾರಣವಾಗಿರಬಹುದಲ್ವಾ? 2018ರಲ್ಲಿ ನೆದರ್ಲೆಂಡ್ಸ್‌ನ ವಿಲ್ಲೆಮ್ ಸ್ಖಿಂಕೆಲ್ ಇನ್ನೂ ಮುಂದೆ ಹೋಗಿ, ಇಂಟಿಗ್ರೇಷನ್ ಎಂಬ ಪರಿಕಲ್ಪನೆಯನ್ನೇ ಕೈಬಿಡಿ ಎಂದರು. ಬಿಳಿಯ ಡಚ್ಚನಿಗೆ ಕೆಲಸ ಹೋದರೆ ಅವನು ಬೆರೆತಿಲ್ಲ ಎಂದು ಯಾರೂ ಅಳೆಯುವುದಿಲ್ಲ, ಅಳತೆ ಇರುವುದು ಕೆಲವರಿಗೆ ಮಾತ್ರ ಎಂಬುದು ಅವರ ವಾದದ ತಿರುಳು. ರಿನುಸ್ ಪೆನ್ನಿಂಕ್ಸ್‌ರಂಥ ಹಿರಿಯರು ಇದನ್ನು ಒಪ್ಪಲಿಲ್ಲ. ಸರ್ಕಾರ ಪದವನ್ನು ಕೆಡಿಸಿದೆ ಎಂದು ವಿಜ್ಞಾನವೂ ಅದನ್ನು ಬಿಟ್ಟುಕೊಡಬೇಕಿಲ್ಲ, ಎರಡೂ ಕಡೆಯನ್ನು ನೋಡುವಂತೆ ವ್ಯಾಖ್ಯೆ ಸರಿಮಾಡಿಕೊಳ್ಳಬಹುದು ಎಂದರು.

ನಾನು ಪೆನ್ನಿಂಕ್ಸ್ ಕಡೆಗೆ ಸ್ವಲ್ಪ ವಾಲುತ್ತೇನೆ. ಅಳತೆಯನ್ನೇ ಎಸೆದರೆ ಟೊರೊಂಟೊದ ಆ 16 ಮತ್ತು 11ರ ಅಂತರವೂ ನಮಗೆ ಕಾಣುತ್ತಿರಲಿಲ್ಲ. ಅಲ್ಲಿ ಅಳೆದದ್ದು ಅರ್ಜಿ ಹಾಕಿದವರನ್ನಲ್ಲ, ಅರ್ಜಿ ಓದಿದವರನ್ನು. ಆದರೆ ಸ್ಖಿಂಕೆಲ್ ಅಷ್ಟು ಗಟ್ಟಿಯಾಗಿ ಕೂಗದಿದ್ದರೆ ಎಷ್ಟು ಜನ ನಿಂತು ಕೇಳುತ್ತಿದ್ದರು ಎಂಬ ಅನುಮಾನವೂ ನನಗಿದೆ.

ಮಾತು ಕೆಲಸಕ್ಕೂ ಇಳಿಯುತ್ತಿದೆ. ಆಮ್‌ಸ್ಟರ್‌ಡಾಮಿನ ಮೌರಿಸ್ ಕ್ರೂಲ್ ಹಿಂದೆ ವಲಸಿಗರ ಮಕ್ಕಳ ಓದು, ಉದ್ಯೋಗದ ಬಗ್ಗೆ ಹಲವು ದೇಶಗಳಲ್ಲಿ ಅಧ್ಯಯನ ಮಾಡಿದವರು. ಈಚೆಗೆ ಅವರು ಪ್ರಶ್ನೆಪಟ್ಟಿಯನ್ನು ಎದುರು ಮನೆಗೆ ಒಯ್ದರು. ಆಮ್‌ಸ್ಟರ್‌ಡಾಮ್, ರೊಟರ್‌ಡಾಮ್, ಆಂಟ್‌ವರ್ಪ್, ಮಾಲ್ಮೊ, ಹ್ಯಾಂಬರ್ಗ್, ವಿಯೆನ್ನಾ: ಈ ನಗರಗಳ ಎಷ್ಟೋ ಬಡಾವಣೆಗಳಲ್ಲಿ ಈಗ ಯಾವ ಗುಂಪೂ ಬಹುಸಂಖ್ಯಾತರಲ್ಲ. ಅಲ್ಲಿನ ವಲಸೆ ಹಿನ್ನೆಲೆಯಿಲ್ಲದವರನ್ನೇ ಅವರ ತಂಡ ಮಾತಾಡಿಸಿತು. ಬೇರೆ ಬೇರೆ ಕಡೆಯಿಂದ ಬಂದವರ ಜೊತೆ ಬದುಕುವುದರ ಬಗ್ಗೆ ಏನನಿಸುತ್ತದೆ ಎಂದು ಕೇಳಿತು. ನಿಜವಾಗಿ ಯಾರ ಜೊತೆ ಒಡನಾಟ, ಯಾರು ಗೆಳೆಯರು ಎಂಬುದನ್ನು ಅದರಿಂದ ಬೇರೆಯಾಗಿ ಕೇಳಿತು. ಒಪ್ಪುತ್ತೇನೆ ಎನ್ನುವವರೆಲ್ಲ ಪಕ್ಕದ ಬಾಗಿಲು ತಟ್ಟಿರುವುದಿಲ್ಲ, ತಟ್ಟಿದವರೆಲ್ಲ ಒಪ್ಪಿರುವುದಿಲ್ಲ ಎಂದು ಎರಡು ಪ್ರಶ್ನೆ.